ಸಹಾಯಧನ, ಮರ ಮತ್ತು ನಾಲೆಯ ನೀರು: ಗ್ರಾಮ ಪಂಚಾಯತಿಯ ಹೊಣೆ

(ಮಳವಳ್ಳಿ ತಾಲ್ಲೂಕು ಬೆಳಕವಾಡಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಬೆಳಕವಾಡಿಗೆ ಕಾವೇರಿ ದೂರವಲ್ಲ. ಸಮೀಪದ ಶಿವನಸಮುದ್ರದಲ್ಲಿ ಇದೇ ನದಿಯಿಂದ 1902ರಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಯವರೆಗೆ ಹರಿಯಿತು. ಆದರೆ ಮಳವಳ್ಳಿ ತಾಲ್ಲೂಕಿನ ನಾಲಾ ಬಯಲಿನ ರೈತನು ನೀರಿಗಾಗಿ ನೋಡುವುದು ಮಗ್ಗುಲಿನ ನದಿಯ ಕಡೆಗಲ್ಲ, ಕನ್ನಂಬಾಡಿಯ ಕಡೆಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರುಗಳ ಗದ್ದೆಗಳನ್ನು ದಾಟಿ ಇಲ್ಲಿಗೆ ಬರಬೇಕು. ಕೊನೆಯ ಭಾಗದ ಅಚ್ಚುಕಟ್ಟು ಎಂಬ ಮಾತಿನ ಅರ್ಥವನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಇರ್ವಿನ್ ನಾಲೆ ಎಂಬ ಹೆಸರಿನಿಂದ 1930ರ ದಶಕದಲ್ಲಿ ಇದು ಹರಿಯಲಾರಂಭಿಸಿದಾಗ ನೀರಿನೊಡನೆ ಒಂದು ನಿಯಮವೂ ಬಂದಿತ್ತು. ಅದು ಬ್ಲಾಕ್ ಪದ್ಧತಿ. ಜಮೀನನ್ನು ಮೂರು ಭಾಗ ಮಾಡಿ ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ ಬೆಳೆದು, ಸರದಿಯಂತೆ ಬದಲಿಸುತ್ತ ಹೋಗಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾ ನಾಲೆಯ ಪ್ರದೇಶದಲ್ಲಿ ರೂಪಿಸಿದ್ದ ಕ್ರಮವಿದು. ಇದರ ಲೆಕ್ಕಾಚಾರ ಸರಳ: ಮೇಲ್ಭಾಗದವರು ಮೂರನೆಯ ಒಂದು ಭಾಗದಲ್ಲಿ ನೀರು ಉಳಿಸಿದರೆ ಮಾತ್ರ ಕೆಳಭಾಗಕ್ಕೆ ನೀರು ಉಳಿಯುತ್ತದೆ. ಕಾಲಕ್ರಮದಲ್ಲಿ ಭತ್ತ ಮತ್ತು ಕಬ್ಬು ನಿಂತವು, ಮೂರನೆಯ ಭಾಗ ಕಾಗದದಲ್ಲಷ್ಟೇ ಉಳಿಯಿತು. ನಾಲೆಯ ಕೊನೆಯ ಬವಣೆಗೆ ಮಳೆಯ ಕೊರತೆಯನ್ನಷ್ಟೇ ಕಾರಣವೆಂದು ಹೇಳುವುದು ಪೂರ್ಣ ಸತ್ಯವಲ್ಲ.

ಮಳೆ ಕೈಕೊಟ್ಟ ವರ್ಷದಲ್ಲಂತೂ ಜಲಾಶಯದ ನೀರು ರಾಜ್ಯದ ಇಚ್ಛೆಯೊಂದರ ಮೇಲೆ ನಿಂತಿಲ್ಲ. ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿ 16ರ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ನೀರು ಹರಿಯಬೇಕು. 2023ರಲ್ಲಿ ಸಂಕಷ್ಟ ಹಂಚಿಕೆಯ ಬಿಸಿ ಮಂಡ್ಯ ಜಿಲ್ಲೆಗೆ ಹೇಗೆ ತಟ್ಟಿತೆಂಬುದು ಎಲ್ಲರ ನೆನಪಿನಲ್ಲಿದೆ. ಅಂತಹ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ, ನಾಲೆಯ ಮಟ್ಟ ಸ್ವಲ್ಪ ಇಳಿದರೂ ಕೊನೆಯ ತೂಬಿಗೆ ನೀರು ಏರುವುದಿಲ್ಲ. ದಾರಿಯಲ್ಲಿ ಪಂಪು ಇಟ್ಟು ಎತ್ತಿದ ನೀರು, ಹೂಳು ತುಂಬಿದ ಹೊಲಗಾಲುವೆ, ಒಡೆದ ಏರಿ, ಇವೆಲ್ಲದರ ನಷ್ಟವೂ ಕೂಡಿ ಬಂದು ಬೀಳುವುದು ಕಟ್ಟಕಡೆಯ ಗದ್ದೆಯ ಮೇಲೆಯೇ. ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು ಕರ್ನಾಟಕ ನೀರಾವರಿ ಅಧಿನಿಯಮ, 1965ಕ್ಕೆ 2024ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿಗೊಳಿಸಲಾಗಿದೆ. ಆದರೆ ಕಾನೂನು ತಾನಾಗಿ ನಾಲೆಯ ಏರಿಯ ಮೇಲೆ ನಡೆದಾಡುವುದಿಲ್ಲ. ಹಿಂದೆ ಆ ಕೆಲಸಕ್ಕೆ ಊರಿನ ನೀರುಗಂಟಿಯಿದ್ದ. ಇಂದು ಆ ಜಾಗದಲ್ಲಿ ಇರಬೇಕಾದದ್ದು ನೀರು ಬಳಕೆದಾರರ ಸಹಕಾರ ಸಂಘ. ನಾಮಫಲಕವಿದ್ದು ಸಭೆಯೇ ನಡೆಯದ ಸಂಘದಿಂದ ತೂಬಿನ ಸರದಿ ನಿರ್ಧಾರವಾಗದು.

ಇನ್ನು ಸಹಾಯಧನದ ವಿಚಾರ. ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿಯಬೇಕು: ಇಂದಿನ ವ್ಯವಸ್ಥೆಯಲ್ಲಿ ಹಣ ಹೋಗುವುದು ಉಳುವವನ ಬಳಿಗಲ್ಲ, ದಾಖಲೆಯಲ್ಲಿರುವ ಹೆಸರಿನ ಬಳಿಗೆ. ಪಹಣಿ, ಆಧಾರ್, ಬ್ಯಾಂಕ್ ಖಾತೆ ಈ ಮೂರೂ ಫ್ರೂಟ್ಸ್ ತಂತ್ರಾಂಶದಲ್ಲಿ ಜೋಡಣೆಯಾಗಿ ರೈತನಿಗೆ ಗುರುತಿನ ಸಂಖ್ಯೆ ದೊರೆತರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಪಹಣಿಯಲ್ಲಿ ಇನ್ನೂ ಅವರದೇ ಹೆಸರು. ಮೂವರು ಮಕ್ಕಳು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಅವರಲ್ಲೊಬ್ಬರು ತೀರಿಕೊಂಡು ಹೆಂಡತಿ ವ್ಯವಸಾಯ ನಡೆಸುತ್ತಿದ್ದಾರೆ. ಸರ್ಕಾರದ ಕಣ್ಣಿಗೆ ಈ ಮನೆಯಲ್ಲಿ ರೈತರೇ ಇಲ್ಲ! ಬೆಳೆಹಾನಿ ಪರಿಹಾರವಿಲ್ಲ, ಹನಿ ನೀರಾವರಿಯಿಲ್ಲ, ಪಿ.ಎಂ. ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಇಲ್ಲ. ಇಂತಹ ಮನೆ ಒಂದೂ ಇಲ್ಲದ ಗ್ರಾಮ ವಿರಳ.

ಪಿ.ಎಂ. ಕಿಸಾನ್ ಯೋಜನೆಗೆ 2019ರ ಫೆಬ್ರವರಿ 1ರಂದು ಜಮೀನು ಹೆಸರಿನಲ್ಲಿ ಇರಬೇಕೆಂಬ ನಿಯಮವನ್ನು ಕೇಳಿ ಅನೇಕರು ಅರ್ಜಿಯ ಆಸೆಯನ್ನೇ ಬಿಟ್ಟಿದ್ದಾರೆ. ಜಮೀನಿನ ಒಡೆಯರ ಮರಣದಿಂದ ವಾರಸುದಾರರಿಗೆ ಬಂದ ಹಕ್ಕಿಗೆ ಈ ದಿನಾಂಕದ ನಿರ್ಬಂಧ ಅನ್ವಯಿಸುವುದಿಲ್ಲ. ಆದ್ದರಿಂದ ಪೌತಿ ಖಾತೆ ಇಂದಿಗೂ ನಿಷ್ಪ್ರಯೋಜಕವಲ್ಲ. ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದೊಡನೆ ನಾಡಕಚೇರಿಗೆ ಹೋಗಬೇಕಾದವರು ರೈತರು. ಯಾರ ಮನೆಯಲ್ಲಿ ಈ ಕೆಲಸ ಬಾಕಿಯಿದೆಯೆಂದು ಅಧಿಕಾರಿಗಿಂತ ಮೊದಲು ತಿಳಿದಿರುವವರು ವಾರ್ಡಿನ ಸದಸ್ಯರು. ಮಧ್ಯವರ್ತಿಗಳ ಸಂಪಾದನೆ ಹುಟ್ಟುವುದೂ ಈ ತಿಳಿವಳಿಕೆಯ ಅಂತರದಲ್ಲಿಯೇ.

ಬೆಳೆ ಸಮೀಕ್ಷೆಯದೂ ಇದೇ ಕಥೆ. ಹೊಲದಲ್ಲಿ ರಾಗಿ, ಸಮೀಕ್ಷೆಯಲ್ಲಿ ಪಾಳು ಎಂದು ದಾಖಲಾದರೆ ಖರೀದಿ ಕೇಂದ್ರದಲ್ಲಿ ವಾದಿಸಿ ಫಲವಿಲ್ಲ. ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ ಕಾಲಮಿತಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು.

ಮರದ ಸಹಾಯಧನ ಮಾತ್ರ ಸ್ವಲ್ಪ ಬೇರೆ ಸ್ವಭಾವದ್ದು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ನಡೆಯುತ್ತಿದೆ. ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಒಯ್ದು ನೆಟ್ಟವರಿಗೆ, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ ಗರಿಷ್ಠ 400 ಸಸಿ. ಎಲ್ಲವೂ ಉಳಿದರೆ ಮೂರು ವರ್ಷಕ್ಕೆ 50,000 ರೂಪಾಯಿ. ಇಲ್ಲಿ ನೆಟ್ಟದ್ದಕ್ಕೆ ಹಣವಿಲ್ಲ, ಉಳಿದದ್ದಕ್ಕೆ ಹಣ. ವನಮಹೋತ್ಸವದ ಛಾಯಾಚಿತ್ರಕ್ಕಿಂತ ಇದು ಎಷ್ಟೋ ಪ್ರಾಮಾಣಿಕವಾದ ಕ್ರಮ. ಆದರೆ ಸಸಿ ಉಳಿಯುವುದು ಮೊದಲ ಬೇಸಿಗೆಯ ನೀರಿನಿಂದ. ನೀರು ಬಾರದ ಕೊನೆಯ ಭಾಗದ ರೈತನಿಗೆ ಮರದ ಹಣವೂ ಬಾರದು. ನಾಲೆಯ ತೂಬು ಮತ್ತು ಅರಣ್ಯ ಇಲಾಖೆಯ ಪ್ರೋತ್ಸಾಹಧನ ಎರಡು ಕಚೇರಿಗಳ ವಿಷಯವಾದರೂ ಹೊಲದಲ್ಲಿ ಒಂದೇ ವಿಷಯ.

ಈ ಗಂಟನ್ನು ಸಡಿಲಿಸಬಲ್ಲದ್ದು ಹನಿ ನೀರಾವರಿ. ಎರಡು ಹೆಕ್ಟೇರಿನವರೆಗೆ ಶೇ. 90ರಷ್ಟು ಸಹಾಯಧನವಿದೆ. ಕಾವೇರಿಯಿಂದಲೇ ನೀರೆತ್ತಿ ಕೊಳವೆಗಳ ಮೂಲಕ ಹೊಲಕ್ಕೆ ಒಯ್ಯುವ ಪೂರಿಗಾಲಿ ಯೋಜನೆ ಇದೇ ಬಿ.ಜಿ. ಪುರ ಹೋಬಳಿಗೆ ರೂಪುಗೊಂಡದ್ದು. ಇಂತಹ ಯೋಜನೆಯಲ್ಲಿಯೂ ಪಂಪ್‌ಹೌಸ್ ಕಟ್ಟುವುದು ಸುಲಭ. ಕವಾಟದ ಸರದಿ, ಶೋಧಕದ ಶುಚಿ, ಒಡೆದ ಕೊಳವೆಯ ದುರಸ್ತಿ ಕಷ್ಟ. ಭತ್ತದ ಗದ್ದೆಗೆ ನೀರು ನಿಲ್ಲಿಸಿ ರೂಢಿಯಾದ ಕೈಗೆ ಹನಿ ನೀರಿನ ಮೇಲೆ ನಂಬಿಕೆ ಬರಲು ಒಂದೆರಡು ಬೆಳೆ ಬೇಕಾಗುತ್ತದೆ.

ಪಂಚಾಯತ್ ರಾಜ್ ಅಧಿನಿಯಮ, 1993ರನ್ವಯ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಉತ್ಪಾದನಾ ಸಮಿತಿ ಇರಬೇಕು. ಕೃಷಿ ಅದರ ವ್ಯಾಪ್ತಿಯ ವಿಷಯ. ಅನೇಕ ಕಡೆ ಅದು ನಡವಳಿ ಪುಸ್ತಕದಲ್ಲಿ ಮಾತ್ರ ಸೇರುತ್ತದೆ. ಮುಂಗಾರಿಗೆ ಮುನ್ನ ಆ ಸಮಿತಿಯ ಒಂದು ಸಭೆಗೆ ಗ್ರಾಮ ಆಡಳಿತ ಅಧಿಕಾರಿ, ರೈತ ಸಂಪರ್ಕ ಕೇಂದ್ರದ ಅಧಿಕಾರಿ, ನೀರಾವರಿ ನಿಗಮದ ಇಂಜಿನಿಯರ್, ವಲಯ ಅರಣ್ಯ ಕಚೇರಿಯ ಪ್ರತಿನಿಧಿ ಮತ್ತು ನೀರು ಬಳಕೆದಾರರ ಸಂಘದವರನ್ನು ಒಟ್ಟಿಗೆ ಕರೆಯಬಹುದು. ವಾರ್ಡುವಾರು ಪೌತಿ ಖಾತೆ ಬಾಕಿಯಿರುವ ಮನೆಗಳ ಪಟ್ಟಿಯನ್ನು ಸದಸ್ಯರು ಅಂದು ತರಲಿ. ಹೂಳು ತುಂಬಿದ ಹೊಲಗಾಲುವೆಗಳ ಪಟ್ಟಿಯೂ ಅದರೊಡನೆ ಇರಲಿ. ಎರಡನ್ನೂ ಗ್ರಾಮಸಭೆಯಲ್ಲಿ ಓದಿ, ಮುಂದಿನ ಗ್ರಾಮಸಭೆಯಲ್ಲಿ ಎಷ್ಟು ಹೆಸರು ಕಡಿಮೆಯಾಗಿದೆಯೆಂದು ಮತ್ತೆ ಓದಬೇಕು.