ಗಡಿಗೆಯ ಗುಣದೋಷ ವಿಚಾರ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕುಂಬಾರ ಗುಂಡಯ್ಯನು ಗಡಿಗೆಯನ್ನು ಬಾರಿಸಲು ಶಿವನೇ ಕುಣಿದನೆಂದು ಹರಿಹರ ಕವಿಯು ತನ್ನ ರಗಳೆಯಲ್ಲಿ ವರ್ಣಿಸಿರುವನು. ಗಡಿಗೆಯ ನಾದಕ್ಕೆ ಕಿವಿಗೊಡುವ ಪದ್ಧತಿಯು ಸಂತೆಯಲ್ಲಿ ಇಂದಿಗೂ ಉಂಟು. ಕೊಳ್ಳಬಂದ ತಾಯಿಯು ಬೆರಳಿನಿಂದ ತಟ್ಟಿ ಆಲಿಸುವಳು. ಚೆನ್ನಾಗಿ ಬೆಂದುದು ಠಣ್ಣೆನ್ನುವುದು. ಬಿರುಕುಳ್ಳದ್ದು ಒಡಕುದನಿಯನ್ನು ಕೊಡುವುದು. ಆಕೆ ತಟ್ಟುವಳಲ್ಲದೆ ಒಡೆಯಳು. ಪರರ ಕೈಕೆಲಸದ ಗುಣದೋಷಗಳನ್ನು ಹೇಳುವವರು ಕಲಿಯತಕ್ಕ ಮೊದಲ ಪಾಠವಿದು.

ಈ ಪಾಠವನ್ನು ನಾನು ತಪ್ಪು ಮಾಡಿಯೇ ಕಲಿತೆನು. ತಾರುಣ್ಯದಲ್ಲಿ ಒಮ್ಮೆ, ತಿಗರಿಯ ಮುಂದೆ ಕುಳಿತು ತನ್ನ ಮೊದಲ ಹರವಿಯನ್ನು ಎತ್ತಿದ ಬಾಲಕನಿಗೆ, "ಇದೂ ಒಂದು ಹರವಿಯೇ?" ಎಂದು ಹತ್ತು ಜನರೆದುರಿಗೆ ನಕ್ಕುಬಿಟ್ಟೆನು. ಮರುದಿನ ಅವನು ತಿಗರಿಗೆ ಬರಲಿಲ್ಲ. ಆ ಬಳಿಕ ಎಂದೂ ಬರಲಿಲ್ಲ. ಹರವಿಯಲ್ಲಿ ದೋಷವಿದ್ದುದು ನಿಜ. ಆದರೆ ದೋಷವು ಎಲ್ಲಿ, ಏತಕ್ಕೆ, ತಿದ್ದುವ ಬಗೆ ಯಾವುದು ಎಂಬುದೊಂದನ್ನೂ ನನ್ನ ಮಾತು ತಿಳಿಸಲಿಲ್ಲ. ನಾನು ದೋಷವನ್ನು ತೋರಿಸಲಿಲ್ಲ, ಒಂದು ಕಾಯಕವನ್ನು ಕೆಡಿಸಿದೆನು.

ಆದುದರಿಂದ ಮೊದಲು ಪಾತ್ರೆಯು ಯಾವ ಉಪಯೋಗಕ್ಕೆಂದು ಮಾಡಿದವನನ್ನೇ ಕೇಳಬೇಕು. ನೀರಿನ ಹರವಿಯು ಒಸರುವುದು ದೋಷವಲ್ಲ. ಒಸರಿದ ನೀರು ಆವಿಯಾಗುವಾಗ ಉಷ್ಣವನ್ನು ಕೊಂಡೊಯ್ಯುವುದರಿಂದಲೇ ಒಳಗಿನ ನೀರು ತಂಪಾಗುವುದು. ಎಣ್ಣೆಯ ಗಡಿಗೆಯಲ್ಲಿ ಆ ಒಸರೇ ದೋಷವು.

ಎರಡನೆಯದಾಗಿ, ದೋಷವನ್ನು ಅದರ ಕಾರಣದೊಡನೆ ಹೇಳಬೇಕು. "ಚೆನ್ನಾಗಿಲ್ಲ" ಎಂದರೆ ಯಾರಿಗೇನು ತಿಳಿಯಿತು? "ಅಪ್ಪಾ, ಕಂಠವನ್ನು ಅಂದವಾಗಿ ತಿದ್ದಿರುವೆ. ಆದರೆ ಪಕ್ಕವು ಒಂದೆಡೆ ತೆಳುವಾಗಿ ಒಂದೆಡೆ ದಪ್ಪವಾಗಿದೆ. ತೆಳುವಾದುದು ಮೊದಲೇ ಒಣಗಿ ಕುಗ್ಗುವುದು, ದಪ್ಪವಾದುದು ಹಿಂದುಳಿಯುವುದು. ಆದಕಾರಣ ಅಲ್ಲಿ ಬಿರಿದಿದೆ. ದಪ್ಪದಲ್ಲಿ ಹಸಿಯುಳಿದು ಆವಿಗೆಯನ್ನು ಸೇರಿದರೆ ನೀರು ಉಗಿಯಾಗಿ ಗಡಿಗೆಯನ್ನೇ ಸಿಡಿಸೀತು" ಎಂದರೆ, ಅವನ ಕೈ ನಾಳೆ ತಾನೇ ಎಚ್ಚರಗೊಳ್ಳುವುದು.

ಮೂರನೆಯದಾಗಿ, ಮಾತಿಗೆ ಹೊತ್ತುಂಟು. ಹಸಿಯಾದ ಮಣ್ಣನ್ನು ಒಡನೆ ತಿದ್ದಬಹುದು. ಬೇಯದೆ ಒಣಗಿದ ಗಡಿಗೆಯೂ ನೀರಿನಲ್ಲಿ ನೆನೆದರೆ ಮರಳಿ ಕೆಸರಾಗುವುದು. ಆದರೆ ಸುಮಾರು 600 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಬೆಂದ ಮೇಲೆ, ಮಣ್ಣಿನ ಕಣಗಳೊಡನೆ ಬೆರೆತಿದ್ದ ನೀರೂ ಹೊರಟುಹೋಗಿ, ಅದು ಮತ್ತೆ ಹದಮಣ್ಣಾಗದು. ಬೆಂದ ಗಡಿಗೆಯ ದೋಷವನ್ನು ಹೇಳುವುದಾದರೆ ಮುಂದಿನ ಗಡಿಗೆಯ ಸಲುವಾಗಿ ಹೇಳಬೇಕಲ್ಲದೆ, ಇದನ್ನು ಹಳಿಯುವುದಕ್ಕಲ್ಲ.

ಈ ಉತ್ಸವಕ್ಕೆಂದು ಮಕ್ಕಳು ತಾವು ಮಾಡಿದ ಗಡಿಗೆಗಳನ್ನು ಹೊರಗಿನ ಚಪ್ಪರದಲ್ಲಿ ಇಟ್ಟಿರುವರು. ತಾವೆಲ್ಲರೂ ಹೋಗಿ ನೋಡಿರಿ, ತಟ್ಟಿ ಆಲಿಸಿರಿ. ಗುಣವನ್ನು ಎಲ್ಲರೆದುರಿಗೆ ಹೇಳಿರಿ. ದೋಷವನ್ನು ಬಳಿಯಲ್ಲಿ ಕುಳಿತು ಮೆಲ್ಲನೆ ತಿಳಿಸಿರಿ. ಅಂದು ತಿಗರಿಯನ್ನು ಬಿಟ್ಟುಹೋದ ಬಾಲಕನ ಋಣವನ್ನು ನಾನು ತೀರಿಸಲಾರೆನು. ಇಲ್ಲಿರುವ ಮಕ್ಕಳಲ್ಲಿ ಒಬ್ಬನೂ ನಾಳೆ ತಿಗರಿಯನ್ನು ಬಿಡದಂತೆ ನೋಡಿಕೊಳ್ಳುವ ಭಾರವು ನಮ್ಮೆಲ್ಲರದು.