ವಿದ್ಯಾರ್ಥಿವೇತನವೂ ಕಾಲದ ಬೆಲೆಯೂ



ಬಿತ್ತನೆಗೆ ಹದವೊಂದುಂಟೆಂಬುದನ್ನು ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಹದ ತಪ್ಪಿದ ಮೇಲೆ ಎಂತಹ ಒಳ್ಳೆಯ ತೊಗರಿಯನ್ನು ಬಿತ್ತಿದರೂ ಫಲವು ಕಡಿಮೆಯೆ. ವಿದ್ಯಾರ್ಥಿವೇತನದ ಅರ್ಜಿಗೂ ಇಂತಹ ಹದವೊಂದುಂಟು. ಆದರೆ ಅದನ್ನು ಆ ರೈತನ ಮಕ್ಕಳಿಗೆ ಹೇಳಿಕೊಡುವವರು ವಿರಳ. ಈ ವಿಷಯವಾಗಿ ನಾವು ಇಂದು ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ.

ಈ ಮೂರು ಊರುಗಳೂ 1948ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಅಲ್ಲಿ ಉನ್ನತ ವಿದ್ಯೆಯನ್ನು ಬಯಸಿದವರು ಬಹುಮಟ್ಟಿಗೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಉರ್ದುವಿನಲ್ಲಿ ವ್ಯಾಸಂಗ ಮಾಡಬೇಕಾಗಿದ್ದಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವು ಹುಟ್ಟಿತು. ಈಚೆಗೆ ರಾಯಚೂರಿನಲ್ಲಿಯೂ ಒಂದು ವಿಶ್ವವಿದ್ಯಾಲಯವಾಯಿತು. ಯಾದಗಿರಿಯು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಸಂವಿಧಾನದ 371ಜೆ ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕದೊಳಗಿನ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ಆ ನಾಡಿನ ಮಕ್ಕಳಿಗೆ ಮೀಸಲಾದುವು. ಹೀಗೆ ಕಾಲೇಜಿನ ಬಾಗಿಲು ಮನೆಯ ಹತ್ತಿರಕ್ಕೆ ಬಂದಿರುವುದು ನಿಜ. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ 75ನ್ನು ದಾಟಿದ್ದಾಗ ಯಾದಗಿರಿಯದು 52ರಷ್ಟೂ ಇರದೆ, ಎಲ್ಲ ಜಿಲ್ಲೆಗಳಿಗಿಂತ ಕೆಳಗಿದ್ದಿತು. ಮೀಸಲಾತಿಯು ಸ್ಥಾನವನ್ನು ಕೊಡುವುದೇ ಹೊರತು ಬಸ್ಸಿನ ಖರ್ಚನ್ನಾಗಲಿ ಕೋಣೆಯ ಬಾಡಿಗೆಯನ್ನಾಗಲಿ ಕೊಡುವುದಿಲ್ಲ. ಅದಕ್ಕೆ ವಿದ್ಯಾರ್ಥಿವೇತನವೇ ಆಧಾರ.

ಈ ನೆರವು ಇಲ್ಲದೆ ಇಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ನಂತರದ ವೇತನವು 1944ರಲ್ಲಿಯೇ ಆರಂಭವಾಯಿತು. 2021ರಲ್ಲಿ ಪರಿಷ್ಕೃತವಾದ ಅದರ ನಿಯಮಗಳಂತೆ, ಮನೆಯ ವಾರ್ಷಿಕ ವರಮಾನವು 2.5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ, ಸಾಮಾನ್ಯ ಪದವಿ ತರಗತಿಯಲ್ಲಿರುವವರಿಗೆ ಕಡ್ಡಾಯ ಶುಲ್ಕವಲ್ಲದೆ ವರ್ಷಕ್ಕೆ 3,000 ರೂಪಾಯಿಗಳೂ, ವಸತಿನಿಲಯದಲ್ಲಿರುವವರಿಗೆ 6,000 ರೂಪಾಯಿಗಳೂ ಸಲ್ಲತಕ್ಕವು. ಹಿಂದುಳಿದ ವರ್ಗದವರಲ್ಲಿ ವಸತಿನಿಲಯ ದೊರೆಯದವರಿಗೆ ವಿದ್ಯಾಸಿರಿ ಯೋಜನೆಯು ತಿಂಗಳಿಗೆ 1,500ರಂತೆ ಹತ್ತು ತಿಂಗಳ ನೆರವನ್ನು ಗೊತ್ತುಮಾಡಿತು. ರೈತರ ಮಕ್ಕಳಿಗಾಗಿ 2021ರಲ್ಲಿ ವಿದ್ಯಾನಿಧಿಯು ಆರಂಭವಾಯಿತು. ಪಟ್ಟಣದವರಿಗೆ ಅಲ್ಪವೆಂದು ತೋರುವ ಈ ಮೊತ್ತಗಳು ಹಳ್ಳಿಯ ಒಂದು ಮನೆಯಲ್ಲಿ ಮಗಳು ಓದಬೇಕೆ, ಕೂಲಿಗೆ ಹೋಗಬೇಕೆ ಎಂಬುದನ್ನು ನಿರ್ಧರಿಸುವುವು.

ನಮಗೆ ಪರಿಚಿತಳಾದ ಶಹಾಪುರ ಸೀಮೆಯ ಹುಡುಗಿಯೊಬ್ಬಳ ಸಂಗತಿಯನ್ನು ಹೇಳುವೆವು. ತಂದೆತಾಯಿಗಳು ಗುಳೆ ಹೋಗಿ ಬೆಂಗಳೂರಿನಲ್ಲಿ ಗಾರೆಯ ಕೆಲಸಕ್ಕೆ ನಿಂತಿದ್ದರು. ಈಕೆ ಅಜ್ಜಿಯ ಮನೆಯಲ್ಲಿದ್ದುಕೊಂಡು ಪದವಿ ತರಗತಿಗೆ ಸೇರಿದಳು. ಶಾಲೆಯ ದಾಖಲೆಯಲ್ಲಿ ಅವಳ ಹೆಸರಿನೊಡನೆ ತಂದೆಯ ಹೆಸರಿದ್ದಿತು; ಆಧಾರ್ ಚೀಟಿಯಲ್ಲಿ ಇರಲಿಲ್ಲ. ಹೆಸರುಗಳು ಹೊಂದದೆ ಅರ್ಜಿಯು ಮುಂದೆ ಸಾಗದಾಯಿತು. ತಿದ್ದುಪಡಿಗೆ ತೊಡಗಿದರೆ, ಒಪ್ಪಿಗೆಯ ಗುಪ್ತ ಸಂಖ್ಯೆಯು ಬರುತ್ತಿದ್ದುದು ಮನೆಗೆ ಒಂದೇ ಆಗಿದ್ದ ತಂದೆಯ ಫೋನಿಗೆ. ಆತನು ಸಂಜೆ ಕೆಲಸ ಬಿಟ್ಟು ಅದನ್ನು ನೋಡುವಷ್ಟರಲ್ಲಿ ಆ ಸಂಖ್ಯೆಯ ಅವಧಿಯು ಮುಗಿದಿರುತ್ತಿದ್ದಿತು. ಎಲ್ಲವೂ ಸರಿಹೋದಾಗ ಗಡುವು ಕಳೆದು ನಾಲ್ಕು ದಿನಗಳಾಗಿದ್ದುವು. ಮರುವರ್ಷ ಆ ಹುಡುಗಿ ಕಾಲೇಜನ್ನು ಬಿಟ್ಟು ಹತ್ತಿ ಬಿಡಿಸಲು ಹೋದಳು. ಅವಳಲ್ಲಿ ಅರ್ಹತೆಯ ಕೊರತೆಯಿರಲಿಲ್ಲ. ನಾಲ್ಕು ದಿನಗಳ ಕೊರತೆಯಿದ್ದಿತು.

ಆದುದರಿಂದ ಅರ್ಜಿಯ ಕೆಲಸವು ಅರ್ಜಿಯ ಪ್ರಕಟಣೆಗಿಂತ ಮೊದಲೇ ಆರಂಭವಾಗಬೇಕು. ಪಿಯುಸಿ ಎರಡನೆಯ ವರ್ಷದ ಪರೀಕ್ಷೆ ಮುಗಿದು ಫಲಿತಾಂಶ ಬರುವುದರೊಳಗಿನ ವಾರಗಳೇ ಇದಕ್ಕೆ ಹದವಾದ ಕಾಲ. ಮೊದಲು, ಅಂಕಪಟ್ಟಿ, ಆಧಾರ್, ಬ್ಯಾಂಕಿನ ಪುಸ್ತಕ ಈ ಮೂರರಲ್ಲಿಯೂ ಹೆಸರು ಅಕ್ಷರಶಃ ಒಂದೇ ಇದೆಯೆ ಎಂದು ನೋಡಬೇಕು. ಎರಡನೆಯದಾಗಿ, ನಾಡಕಚೇರಿಯಿಂದ ಜಾತಿ ಮತ್ತು ವರಮಾನದ ಪ್ರಮಾಣಪತ್ರಗಳನ್ನು ಪಡೆಯಬೇಕು. ವರಮಾನದ ಪತ್ರಕ್ಕೆ ಅವಧಿಯುಂಟೆಂಬುದನ್ನು ಮರೆಯಬಾರದು. ಮೂರನೆಯದಾಗಿ, ಬ್ಯಾಂಕಿನ ಖಾತೆಯು ಆಧಾರ್‌ನೊಡನೆ ಜೋಡಣೆಯಾಗಿದೆಯೆಂದು ಬ್ಯಾಂಕಿಗೇ ಹೋಗಿ ಕೇಳಿಕೊಳ್ಳಬೇಕು. ಹಣವು ಆ ದಾರಿಯಿಂದಲೇ ಬರತಕ್ಕದ್ದು. ಕಾಲೇಜಿಗೆ ಸೇರಿ ನೋಂದಣಿ ಸಂಖ್ಯೆ ದೊರೆತೊಡನೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿಯನ್ನು ತುಂಬಿ, ಅದರ ಪ್ರತಿಯನ್ನು ಕಾದಿರಿಸಬೇಕು. ಕೊನೆಯ ದಿನಕ್ಕಾಗಿ ಕಾಯುವುದು ಸಲ್ಲದು. ಅರ್ಜಿ ಹಾಕಿದ ಮೇಲೂ ಅದು ಎಲ್ಲಿಯವರೆಗೆ ಹೋಯಿತೆಂದು ಆಗಾಗ ನೋಡುತ್ತಿರಬೇಕು. ಹಣವು ಕೈಸೇರುವುದು ತಡವಾಗಬಹುದು. ಅದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಆದರೆ ತಡವಾಗಿ ಬರುವ ಹಣವೇ ಬೇರೆ, ಬಾರದೆಯೇ ಹೋಗುವ ಹಣವೇ ಬೇರೆ.

ನೆರವನ್ನು ಕೇಳುವುದು ಮರ್ಯಾದೆಗೆ ಕುಂದೆಂದು ಭಾವಿಸುವ ಮನೆಗಳೂ ಉಂಟು. ಅಂತಹವರು ಡಾಕ್ಟರ್ ಅಂಬೇಡ್ಕರರನ್ನು ನೆನೆಯಲಿ. ಅವರು 1913ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದುದು ಬರೋಡಾದ ಮಹಾರಾಜರ ವಿದ್ಯಾರ್ಥಿವೇತನದಿಂದ. ಅದರ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಬೇಕಾಯಿತು; ಮತ್ತೆ ಅಲ್ಲಿಗೆ ಹೋಗಲು 1920 ಬಂದಿತು. ಅಂತಹ ಮೇಧಾವಿಯ ಓದನ್ನೇ ಹಣದ ಅಭಾವವು ತಡೆದು ನಿಲ್ಲಿಸಿತೆಂದರೆ, ಸುರಪುರದ ಹಳ್ಳಿಯೊಂದರ ಬಾಲಕನ ಪಾಡೇನು?

ನಗರವಾಸಿಗಳಾದ ಶ್ರೋತೃಗಳಿಗೂ ಇದರಲ್ಲಿ ಒಂದು ಕರ್ತವ್ಯವುಂಟು. ನಿಮ್ಮ ಬೀದಿಯಲ್ಲಿ ಏಳುತ್ತಿರುವ ಮನೆಗೆ ಇಟ್ಟಿಗೆ ಹೊರುವವರಲ್ಲಿ ಯಾದಗಿರಿ ಜಿಲ್ಲೆಯವರು ಇದ್ದರೂ ಇರಬಹುದು. ಒಂದು ದಿನ ಅವರನ್ನು ಮಾತನಾಡಿಸಿ, ‘ಊರಿನಲ್ಲಿ ಮಕ್ಕಳು ಏನು ಓದುತ್ತಿದ್ದಾರಪ್ಪ? ಅರ್ಜಿ ಹಾಕಿದ್ದಾರೆಯೆ?’ ಎಂದು ವಿಚಾರಿಸಿರಿ. ಊರಿನಿಂದ ಗುಪ್ತ ಸಂಖ್ಯೆಯನ್ನು ಕೇಳಿ ಕರೆ ಬಂದಾಗ ಅದನ್ನು ಓದಿ ಹೇಳಲು ಅರ್ಧ ಗಂಟೆಯ ಬಿಡುವನ್ನು ಕೊಡಿಸಿರಿ. ನಿಮಗೆ ಅದರಿಂದ ಆಗುವ ನಷ್ಟವು ಅಲ್ಪ. ಐನೂರು ಕಿಲೋಮೀಟರುಗಳಾಚೆ ಒಂದು ಮಗುವಿನ ಒಂದು ವರ್ಷದ ವಿದ್ಯೆಯು ಅದರಿಂದ ಉಳಿಯಬಹುದು.