ಮನೆಗೆ ಗೋಡೆ ಇದ್ದರೆ ಸಾಲದು, ಮರೆಯೂ ಬೇಕು



ಮನೆ ಕಟ್ಟುವಾಗ ನಾವು ಸಿಮೆಂಟು, ಕಬ್ಬಿಣ, ಟೈಲ್ಸ್‌ಗಳ ಲೆಕ್ಕ ಹಾಕುತ್ತೇವೆ. ಆ ಮನೆಯಲ್ಲಿ ಯಾರಿಗೆ ಎಲ್ಲಿ ಏಕಾಂತ ಸಿಗುತ್ತದೆ ಎಂದು ಯೋಚಿಸುವವರು ಕಡಿಮೆ.

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27ನೇ ಸೂಕ್ತವು, ಅನುಮತಿ ಪಡೆಯದೆ, ಸಲಾಂ ಹೇಳದೆ ಪರರ ಮನೆಯನ್ನು ಪ್ರವೇಶಿಸಬಾರದೆಂದು ಕಲಿಸುತ್ತದೆ. 58ನೇ ಸೂಕ್ತದ ಪ್ರಕಾರ ಫಜ್ರ್ ನಮಾಝಿಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು ಮತ್ತು ಇಶಾ ನಮಾಝಿನ ಬಳಿಕ ಮನೆಯ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕು. ಅಂದರೆ ಮರೆ ಎಂಬುದು ಹೊರಗಿನವರಿಂದ ಮಾತ್ರವಲ್ಲ, ಒಂದೇ ಸೂರಿನಡಿ ಇರುವವರ ನಡುವೆಯೂ ಬೇಕು.

ಹಿಂದಿನವರು ಇದನ್ನು ಕಟ್ಟಡದಲ್ಲೇ ಸಾಧಿಸಿದ್ದರು. ಕೈರೋದ ಹಳೆಯ ಮನೆಗಳಲ್ಲಿ ಬೀದಿ ಬಾಗಿಲಿನಿಂದ ಒಳಹೋಗುವ ದಾರಿ ತಿರುವು ಪಡೆಯುತ್ತದೆ. ಬಾಗಿಲು ತೆರೆದಿದ್ದರೂ ಅಂಗಳ ಕಾಣದು. ಮಶ್ರಬಿಯ್ಯಾ ಎಂಬ ಮರದ ಜಾಲರಿಯ ಕಿಟಕಿ ಗಾಳಿ ಬೆಳಕನ್ನು ಒಳಗೆ ಬಿಟ್ಟು ಹೊರಗಿನ ನೋಟವನ್ನು ತಡೆಯುತ್ತದೆ. 1940ರ ದಶಕದಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ಲಕ್ಸರ್ ಬಳಿಯ ನ್ಯೂ ಗೂರ್ನಾದಲ್ಲಿ ಬಡ ಗ್ರಾಮಸ್ಥರಿಗಾಗಿ ಮಣ್ಣಿನ ಇಟ್ಟಿಗೆಯಿಂದಲೇ ಅಂಗಳವಿರುವ ಮನೆಗಳನ್ನು ಕಟ್ಟಿಸಿದರು. ಏಕಾಂತ ಸಿರಿವಂತರ ಸೊತ್ತಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಮೂವತ್ತು ನಲವತ್ತರ ನಿವೇಶನದಲ್ಲಿ ಇದು ಸಾಧ್ಯವೇ ಎಂದು ನೀವು ಕೇಳಬಹುದು. ಖಂಡಿತ ಸಾಧ್ಯ. ಮುಂಬಾಗಿಲು, ಒಳಬಾಗಿಲುಗಳನ್ನು ಒಂದೇ ನೇರಕ್ಕೆ ಇಡಬೇಡಿ. ಶೌಚಾಲಯದ ಬಾಗಿಲು ಅತಿಥಿಗಳು ಕೂರುವ ಹಾಲ್‌ಗೆ ತೆರೆಯದಿರಲಿ. ನೆರೆಮನೆಯ ಕಿಟಕಿಗೆ ಎದುರಾಗಿ ನಮ್ಮ ಕಿಟಕಿ ಬೇಡ; ಅನಿವಾರ್ಯವಾದರೆ ಕಣ್ಣಿನ ಮಟ್ಟಕ್ಕಿಂತ ಮೇಲಿರಲಿ. ನೆರೆಯವರ ಮರೆಯನ್ನು ಕಾಪಾಡುವುದೂ ನಮ್ಮ ಹೊಣೆ. ನಕ್ಷೆ ಹಾಕುವಾಗಲೇ ಯೋಚಿಸಿದರೆ ಇವುಗಳಿಗೆ ಹೆಚ್ಚಿನ ಖರ್ಚಿಲ್ಲ; ಗೋಡೆ ಎದ್ದ ಮೇಲಾದರೆ ಒಡೆಯಬೇಕಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಪರ್ದಾದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಗಾಳಿ ಬೆಳಕಿಲ್ಲದ ಕೋಣೆಗೆ ತಳ್ಳುವುದು ಮರೆಯಲ್ಲ. ಎಂದೋ ಬರುವ ಅತಿಥಿಗೆ ವಿಶಾಲವಾದ ಹಾಲ್, ದಿನವೂ ಓದುವ ಮಗಳಿಗೆ ಅಡುಗೆಮನೆಯ ಮೂಲೆ. ಇದು ನ್ಯಾಯವೇ? ಹಾಲ್‌ನಿಂದ ನಾಲ್ಕಡಿ ಕಡಿಮೆ ಮಾಡಿ, ಒಂದು ಕಿಟಕಿ, ಒಂದು ಮೇಜು, ಒಂದು ಪರದೆಯ ಜಾಗವನ್ನು ಆಕೆಗೆ ಕೊಡಿ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸರಕಾರವೇ ಗೌರವಿಸಬೇಕಾದುದನ್ನು ಮನೆಯ ಯಜಮಾನರು ಗೌರವಿಸಬೇಡವೇ?

ಮನೆ ಕಟ್ಟಲು ಹೊರಟವರೇ, ನಕ್ಷೆಗೆ ಒಪ್ಪಿಗೆ ನೀಡುವ ಮುನ್ನ ಅದನ್ನು ಮನೆಯ ಹೆಂಗಸರು, ಮಕ್ಕಳ ಮುಂದೆ ಹರಡಿ ಅವರ ಅಭಿಪ್ರಾಯ ಕೇಳಿ. ವಿದ್ಯಾರ್ಥಿಗಳೇ, ನೀವು ಇಂದಿನಿಂದಲೇ ತಂದೆ ತಾಯಿಯ, ಅಕ್ಕ ತಂಗಿಯರ ಕೋಣೆಯ ಬಾಗಿಲು ತಟ್ಟಿ, ಸಲಾಂ ಹೇಳಿ ಒಳಹೋಗಿ.

ಅಲ್ಲಾಹನು ನಮ್ಮ ಮನೆಗಳನ್ನು ನೆಮ್ಮದಿಯ ತಾಣಗಳನ್ನಾಗಿ ಮಾಡಲಿ. ಆಮೀನ್.